ಮಗುವಿನ ಮಲದಲ್ಲಿ ರಕ್ತದ ಎಳೆ: ಹಾಲುಣಿಸುವ ಸಸ್ಯಾಹಾರಿ ತಾಯಿ ಏನು ಬಿಡಬೇಕು, ಏನು ಬಿಡಬಾರದು?

ಪ್ರಶ್ನೆ: ನನ್ನ ಮಗುವಿಗೆ ಒಂಬತ್ತು ವಾರ. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಈಚೆಗೆ ಮಲದಲ್ಲಿ ಲೋಳೆ ಇರುತ್ತಿತ್ತು, ನಾಲ್ಕು ಸಲ ರಕ್ತದ ಸಣ್ಣ ಎಳೆಯೂ ಕಂಡಿತು. ಸಂಜೆ ಹೊತ್ತು ತುಂಬಾ ಅಳುತ್ತದೆ. ತೂಕ ಮಾತ್ರ ಚೆನ್ನಾಗಿ ಏರುತ್ತಿದೆ. ಮಕ್ಕಳ ವೈದ್ಯರು ಪರೀಕ್ಷಿಸಿ, ಸೋಂಕಾಗಲೀ ಗುದದ ಸೀಳಾಗಲೀ ಇಲ್ಲ, ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು, ನೀವು ಹಾಲು ಬಿಟ್ಟು ನೋಡಿ ಎಂದರು. ನಾನು ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಭಯಕ್ಕೆ ಹಾಲಿನ ಜೊತೆ ಸೋಯಾ, ಗೋಧಿ, ಬೇಳೆಕಾಳು, ಶೇಂಗಾ, ಬಾದಾಮಿ, ಎಳ್ಳು ಎಲ್ಲವನ್ನೂ ಬಿಟ್ಟೆ. ಹತ್ತು ದಿನದಿಂದ ಅನ್ನ, ಬೇಯಿಸಿದ ತರಕಾರಿ, ಹಣ್ಣು ಅಷ್ಟೇ. ಐದು ದಿನದಿಂದ ರಕ್ತ ಕಂಡಿಲ್ಲ. ಆದರೆ ನಾನು ಎರಡು ಕಿಲೋ ಇಳಿದಿದ್ದೇನೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಹೀಗೆ ಎಷ್ಟು ದಿನ ಇರಬೇಕು? ಏನು ತಿನ್ನಲಿ?

ಉತ್ತರ: ಬೇಳೆಕಾಳು ಮತ್ತು ಗೋಧಿಯನ್ನು ಇವತ್ತಿನ ಊಟದಿಂದಲೇ ಮತ್ತೆ ಶುರು ಮಾಡಿ. ಎರಡು ದಿನ ಬಿಟ್ಟು ಶೇಂಗಾ, ಬಾದಾಮಿ, ಎಳ್ಳು. ಇನ್ನೆರಡು ದಿನಕ್ಕೆ ಸೋಯಾ. ಸದ್ಯಕ್ಕೆ ಬಿಟ್ಟಿರಬೇಕಾದದ್ದು ಹಾಲು ಮತ್ತು ಹಾಲಿನಿಂದ ಆದದ್ದು ಮಾತ್ರ. ಅದಕ್ಕೂ ಒಂದು ಕೊನೆಯ ದಿನಾಂಕ ಬೇಕು. ಹಾಲು ಬಿಟ್ಟಿರುವಷ್ಟು ದಿನವೂ ವಿಟಮಿನ್ ಬಿ12 ಪೂರಕ ತಪ್ಪಕೂಡದು. ಎದೆಹಾಲು ನಿಲ್ಲಿಸುವ ಮಾತಂತೂ ಬೇಡವೇ ಬೇಡ.

ಏಳು ಬಗೆಯ ಆಹಾರ ಒಟ್ಟಿಗೆ ಬಿಟ್ಟಿದ್ದರಿಂದ ನಿಮಗೆ ಆಗಿರುವ ತೊಂದರೆ ಹಸಿವೊಂದೇ ಅಲ್ಲ. ರಕ್ತ ನಿಂತಿದೆ, ಆದರೆ ಯಾವುದನ್ನು ಬಿಟ್ಟಿದ್ದಕ್ಕೆ ನಿಂತಿತು ಎಂದು ಹೇಳುವ ದಾರಿಯೇ ಇಲ್ಲ. ತಾನಾಗಿಯೇ ನಿಂತಿರಲೂ ಬಹುದು. ಎಲಿಮಿನೇಷನ್ ಡಯೆಟ್ ಎನ್ನುವುದು ಚಿಕಿತ್ಸೆಗಿಂತ ಮೊದಲು ಒಂದು ಪರೀಕ್ಷೆ. ಒಂದು ವಸ್ತುವನ್ನು ಪೂರ್ತಿ ತೆಗೆದು, ಲಕ್ಷಣ ಹೋಗುತ್ತದೆಯೇ ನೋಡಿ, ಅದೇ ವಸ್ತುವನ್ನು ಮತ್ತೆ ತಿಂದು, ಲಕ್ಷಣ ಮರಳುತ್ತದೆಯೇ ನೋಡಬೇಕು. ಈ ಎರಡನೆಯ ಅರ್ಧವನ್ನು ಮಾಡದೆ ತಿಂಗಳುಗಟ್ಟಲೆ ಪಥ್ಯದಲ್ಲೇ ಉಳಿದುಬಿಡುವ ತಾಯಂದಿರು ಬಹಳ.

ಹಾಲನ್ನೇ ಮೊದಲು ಅನುಮಾನಿಸಲು ಕಾರಣವಿದೆ. ಆರೋಗ್ಯವಾಗಿರುವ, ತೂಕ ಏರುತ್ತಿರುವ ಎಳೆ ಮಗುವಿನ ಮಲದಲ್ಲಿ ಲೋಳೆ ಮತ್ತು ರಕ್ತದ ಎಳೆ ಕಾಣುವುದನ್ನು ಅಲರ್ಜಿಕ್ ಪ್ರಾಕ್ಟೋಕೊಲೈಟಿಸ್ ಎನ್ನುತ್ತಾರೆ. ದೊಡ್ಡ ಕರುಳಿನ ಕೊನೆಯ ಭಾಗದ ಒಳಪದರ ಆಹಾರದ ಪ್ರೋಟೀನಿಗೆ ಕೆರಳಿ ಸ್ವಲ್ಪ ಒಸರುತ್ತದೆ. ಇದಕ್ಕೆ ಅತಿ ಸಾಮಾನ್ಯ ಕಾರಣ ಹಸುವಿನ ಹಾಲಿನ ಪ್ರೋಟೀನ್, ಅದರ ನಂತರ ಸೋಯಾ. ಮೊಟ್ಟೆ, ಗೋಧಿ ಕಾರಣವಾಗುವುದು ಇನ್ನೂ ಅಪರೂಪ. ನೀವು ಕುಡಿದ ಹಾಲಿನ ಪ್ರೋಟೀನಿನ ಅತಿ ಸಣ್ಣ ಅಂಶ, ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ, ಕೆಲವು ಗಂಟೆಗಳಲ್ಲಿ ಎದೆಹಾಲಿಗೆ ಬರುತ್ತದೆ. ಎಲ್ಲ ತಾಯಂದಿರಲ್ಲೂ ಅದು ಪತ್ತೆಯಾಗುವುದಿಲ್ಲ. ಬಂದರೂ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಹಾಲಿನ ಅಂಶ ಮೈಯಿಂದ ಹೋಗಲು ಆರು ವಾರ ಬೇಕು ಎನ್ನುವ ಮಾತಿಗೆ ಆಧಾರವಿಲ್ಲ. ರಕ್ತ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ನಿಲ್ಲುತ್ತದೆ, ಕೆಲವು ಮಕ್ಕಳಲ್ಲಿ ಎರಡು ವಾರವಾಗುತ್ತದೆ. ಪರೀಕ್ಷೆಯ ಅವಧಿಯನ್ನು ಎರಡರಿಂದ ನಾಲ್ಕು ವಾರ ಎಂದು ಇಡುವುದು ಇದಕ್ಕಾಗಿಯೇ. ರಕ್ತ ತೀರ ಕಡಿಮೆಯಿದ್ದು ಮಗು ಚೆನ್ನಾಗಿದ್ದರೆ, ಏನನ್ನೂ ಬಿಡದೆ ಕೆಲವು ವಾರ ಕಾದು ನೋಡೋಣ ಎನ್ನುವ ವೈದ್ಯರೂ ಇದ್ದಾರೆ. ಅದೂ ಒಪ್ಪತಕ್ಕ ದಾರಿಯೇ.

ಅಳುವಿನ ವಿಷಯ ಬೇರೆ. ಮಕ್ಕಳ ಅಳು ಸುಮಾರು ಆರನೆಯ ವಾರದ ಹೊತ್ತಿಗೆ ತುತ್ತತುದಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಒಂಬತ್ತನೆಯ ವಾರದಲ್ಲಿ ಯಾವ ಪಥ್ಯ ಶುರು ಮಾಡಿದರೂ ಹದಿಮೂರನೆಯ ವಾರಕ್ಕೆ ಮಗು ಶಾಂತವಾಗಿರುತ್ತದೆ, ಹೆಸರು ಪಥ್ಯಕ್ಕೆ ಬರುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ನೀವು ಅಳೆಯಬೇಕಾದದ್ದು ರಕ್ತವನ್ನು, ಅಳುವನ್ನಲ್ಲ. ಮಲ ಹಸಿರಾಗಿರುವುದು, ಸ್ವಲ್ಪ ಕಕ್ಕುವುದು, ಹೂಸು ಬಿಡುವುದು ಇವನ್ನೂ ಅಲರ್ಜಿಯ ಲೆಕ್ಕಕ್ಕೆ ಸೇರಿಸಬೇಡಿ.

ಬೇಳೆಕಾಳು ತಿಂದರೆ ಮಗುವಿಗೆ ಗ್ಯಾಸ್ ಆಗುತ್ತದೆ ಎಂಬ ಹೆದರಿಕೆಯನ್ನೂ ಇಲ್ಲೇ ಬಿಡಿ. ನಿಮ್ಮ ಕರುಳಿನಲ್ಲಿ ಗ್ಯಾಸ್ ಹುಟ್ಟುವುದು ಜೀರ್ಣವಾಗದ ನಾರು, ಪಿಷ್ಟಗಳನ್ನು ಅಲ್ಲಿನ ಬ್ಯಾಕ್ಟೀರಿಯಾ ಒಡೆಯುವುದರಿಂದ. ಆ ನಾರು ರಕ್ತಕ್ಕೆ ಸೇರುವುದಿಲ್ಲ, ಗ್ಯಾಸ್ ಎದೆಹಾಲಿಗೆ ಇಳಿಯುವುದಿಲ್ಲ. ಸಸ್ಯಾಹಾರಿ ತಾಯಿ ಹಾಲನ್ನೂ ಬಿಟ್ಟು ಬೇಳೆಕಾಳನ್ನೂ ಬಿಟ್ಟರೆ ಪ್ರೋಟೀನಿಗೆ ಬೇರೆ ಗತಿಯೇ ಇರುವುದಿಲ್ಲ.

ಹಾಲು ಬಿಡುವುದು ಎಂದರೆ

ಬಿಟ್ಟರೆ ಪೂರ್ತಿ ಬಿಡಬೇಕು, ಇಲ್ಲವಾದರೆ ಪರೀಕ್ಷೆಯೇ ಕೆಡುತ್ತದೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಕೆನೆ, ಚೀಸ್, ಪನೀರ್, ಐಸ್‌ಕ್ರೀಂ ಇವು ಎಲ್ಲರಿಗೂ ಗೊತ್ತು. ಎಡವುವುದು ಉಳಿದ ಕಡೆ. ತುಪ್ಪದಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಈ ನಾಲ್ಕು ವಾರ ಅದೂ ಬೇಡ. ಎಮ್ಮೆ, ಮೇಕೆ, ಕುರಿಯ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಮಗುವಿನ ಕರುಳು ವ್ಯತ್ಯಾಸ ಗುರುತಿಸುವುದಿಲ್ಲ. ಲ್ಯಾಕ್ಟೋಸ್ ಇಲ್ಲದ ಹಾಲೂ ಉಪಯೋಗಕ್ಕೆ ಬಾರದು, ಏಕೆಂದರೆ ಅದರಲ್ಲಿ ಒಡೆದಿರುವುದು ಸಕ್ಕರೆ, ಪ್ರೋಟೀನ್ ಹಾಗೆಯೇ ಇರುತ್ತದೆ. ಅಷ್ಟಕ್ಕೂ ಎದೆಹಾಲಿನಲ್ಲೇ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇದೆ. ನೀವು ಏನು ತಿಂದರೂ ಅದು ಬದಲಾಗದು.

ಪ್ಯಾಕೆಟ್ ಹಿಡಿದಾಗ ಹೆಸರಿಗಿಂತ ಹಿಂದುಗಡೆಯ ಪದಾರ್ಥಗಳ ಪಟ್ಟಿ ನೋಡಿ. ಕೇಸೀನ್, ಸೋಡಿಯಂ ಕೇಸಿನೇಟ್, ವೇ, ಹಾಲಿನ ಘನಾಂಶ, ಹಾಲಿನ ಪುಡಿ, ಲ್ಯಾಕ್ಟಾಲ್ಬುಮಿನ್ ಎಂದಿದ್ದರೆ ಅದು ಹಾಲೇ. ನಾನ್-ಡೈರಿ ಎಂದು ಬರೆದ ಕಾಫಿ ಕ್ರೀಮರಿನಲ್ಲೂ ಕೇಸಿನೇಟ್ ಇರುವುದುಂಟು. ಬ್ರೆಡ್, ಬಿಸ್ಕತ್ತು, ಸೂಪಿನ ಪುಡಿ, ಚಾಕೊಲೇಟ್, ಮಾರ್ಗರೀನ್, ಪ್ರೋಟೀನ್ ಪುಡಿ, ಪ್ರೋಬಯಾಟಿಕ್ ಪೊಟ್ಟಣ ಇವುಗಳನ್ನೆಲ್ಲ ಓದಿಯೇ ತೆಗೆದುಕೊಳ್ಳಿ. ಲ್ಯಾಕ್ಟಿಕ್ ಆಸಿಡ್, ಕೋಕೋ ಬಟರ್, ತೆಂಗಿನ ಹಾಲು ಹೆಸರಿಗಷ್ಟೇ ಹಾಗೆ, ಅವುಗಳಲ್ಲಿ ಹಾಲಿಲ್ಲ. ‘ಹಾಲಿನ ಅಂಶ ಸೇರಿರಬಹುದು’ ಎಂಬ ಎಚ್ಚರಿಕೆಯಿರುವ ವಸ್ತುಗಳನ್ನು ಸಾಮಾನ್ಯವಾಗಿ ಬಿಡಬೇಕಿಲ್ಲ. ಅಷ್ಟು ಸಣ್ಣ ಅಂಶ ನಿಮ್ಮ ಹೊಟ್ಟೆ, ರಕ್ತ ದಾಟಿ ಎದೆಹಾಲಿಗೆ ಬಂದು ತೊಂದರೆ ಕೊಡುವುದು ಬಹಳ ಅಪರೂಪ.

ಕೊರತೆ ಯಾರನ್ನು ತಟ್ಟುತ್ತದೆ?

ಪೋಷಕಾಂಶಗಳ ವಿಷಯದಲ್ಲಿ ಒಂದು ಭೇದ ತಿಳಿದಿದ್ದರೆ ಯಾವುದಕ್ಕೆ ಎಷ್ಟು ಅವಸರ ಎಂದು ಅರ್ಥವಾಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ಸತು, ಫೋಲೇಟ್ ಇವು ನಿಮ್ಮ ಊಟದಲ್ಲಿ ಕಡಿಮೆಯಾದರೂ ಎದೆಹಾಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ಕೊರತೆಯನ್ನು ತುಂಬಿಕೊಡುವುದು ನಿಮ್ಮ ಮೂಳೆ, ನಿಮ್ಮ ರಕ್ತ. ಬಿ12, ಅಯೋಡಿನ್, ಕೋಲೀನ್, ರೈಬೋಫ್ಲೇವಿನ್, ವಿಟಮಿನ್ ಡಿ ಹಾಗಲ್ಲ. ನಿಮಗೆ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆ, ಮಗುವಿಗೂ ಕಡಿಮೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕವಿರುವುದು ಬಿ12 ಬಗ್ಗೆ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಬಿ12 ಸಿಗುವ ಸಹಜ ಮೂಲ ಹಾಲೊಂದೇ. ದಿನಕ್ಕೆ ಅರ್ಧ ಲೀಟರ್ ಹಾಲು, ಮೊಸರು ತೆಗೆದುಕೊಳ್ಳುತ್ತಿದ್ದರೆ ಸುಮಾರು 2 ಮೈಕ್ರೋಗ್ರಾಂ ಬರುತ್ತಿತ್ತು. ಹಾಲುಣಿಸುವವರಿಗೆ ಬೇಕಾದದ್ದು 2.8 ಮೈಕ್ರೋಗ್ರಾಂ. ಅಂದರೆ ಮೊದಲೇ ಅಂಚಿನಲ್ಲಿದ್ದದ್ದು ಹಾಲು ಬಿಟ್ಟ ದಿನ ಸೊನ್ನೆಗೆ ಇಳಿಯಿತು. ನಿಮ್ಮ ಯಕೃತ್ತಿನಲ್ಲಿ ಸಂಗ್ರಹವಿದ್ದರೆ ಸ್ವಲ್ಪ ಕಾಲ ನಡೆಯುತ್ತದೆ. ಆದರೆ ಹುಟ್ಟಿನಿಂದ ಮೊಟ್ಟೆಯನ್ನೂ ತಿನ್ನದವರಲ್ಲಿ, ಅದೂ ಗರ್ಭಿಣಿಯಾಗಿ ಹೆತ್ತ ಮೇಲೆ, ಆ ಸಂಗ್ರಹ ತಳ ಕಂಡಿರಬಹುದು. ಬಿ12 ಸಿಗದ ಎದೆಗೂಸು ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ತಿಂಗಳೊಳಗೆ ಕಿರಿಕಿರಿ, ಹಾಲು ಬೇಡವೆನ್ನುವುದು, ಮಂಕು, ನಗು ಕಡಿಮೆಯಾಗುವುದು, ನಿಂತಿದ್ದ ಕತ್ತು ಮತ್ತೆ ವಾಲುವುದು, ಕೈಕಾಲು ನಡುಗುವುದು ಶುರುವಾಗುತ್ತದೆ. ತಡವಾಗಿ ಗುರುತಿಸಿದರೆ ಮಿದುಳಿಗೆ ಆದ ಹಾನಿ ಪೂರ್ತಿ ಸರಿಹೋಗದೆ ಇರಬಹುದು. ಇಲ್ಲಿರುವ ಅಪಾಯ ಗಮನಿಸಿ: ಮೊದಲ ಲಕ್ಷಣ ಕಿರಿಕಿರಿ. ಅದನ್ನು ಕಂಡ ತಾಯಿ ಅಲರ್ಜಿ ಇನ್ನೂ ಹೋಗಿಲ್ಲ ಎಂದುಕೊಂಡು ಮತ್ತೊಂದು ಆಹಾರ ಬಿಡುತ್ತಾಳೆ.

ಆದ್ದರಿಂದ ಈ ವಾರವೇ ಬಿ12 ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಶುರು ಮಾಡುವ ಮೊದಲು ರಕ್ತ ಕೊಟ್ಟರೆ ನಿಜವಾದ ಮಟ್ಟ ತಿಳಿಯುತ್ತದೆ, ಆದರೆ ಪರೀಕ್ಷೆಗೆ ಕಾಯುತ್ತಾ ವಾರಗಟ್ಟಲೆ ಮಾತ್ರೆ ತಡಮಾಡಬೇಡಿ. ಫಲಿತಾಂಶ ಅಂಚಿನಲ್ಲಿದ್ದರೆ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಮೀಥೈಲ್ ಮಲೋನಿಕ್ ಆಸಿಡ್ ಅಥವಾ ಹೋಮೋಸಿಸ್ಟೀನ್ ಕೂಡ ನೋಡಬೇಕಾಗುತ್ತದೆ. ಸೊಪ್ಪು, ಕಾಳು ಧಾರಾಳವಾಗಿ ತಿನ್ನುವವರಲ್ಲಿ ಫೋಲೇಟ್ ಚೆನ್ನಾಗಿರುವುದರಿಂದ ಬಿ12 ಕೊರತೆಯ ರಕ್ತಹೀನತೆ ಕಾಣದೆ ಮರೆಯಾಗಿರಬಹುದು. ಹಿಮೋಗ್ಲೋಬಿನ್ ಸರಿಯಿದೆ ಎಂದು ಸಮಾಧಾನ ಪಡುವಂತಿಲ್ಲ. ತಲೆಸುತ್ತು ಇರುವುದರಿಂದ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹವನ್ನು ತೋರಿಸುವ ಅಂಶ) ಎರಡನ್ನೂ ಅದೇ ರಕ್ತದಲ್ಲಿ ನೋಡಿಸಿ.

ಮಟ್ಟ ಸರಿಯಿದ್ದರೆ ದಿನಕ್ಕೊಂದು 50 ಮೈಕ್ರೋಗ್ರಾಂ ಮಾತ್ರೆ ಧಾರಾಳವಾಗಿ ಸಾಕು. ಬೇಕಾದದ್ದು ಮೂರೂ ಅಲ್ಲ, ಐವತ್ತು ಯಾಕೆ ಎನಿಸಬಹುದು. ಒಂದು ಸಲಕ್ಕೆ ಕರುಳು ಸರಿಯಾಗಿ ಹೀರುವುದು ಒಂದೂವರೆ, ಎರಡು ಮೈಕ್ರೋಗ್ರಾಂ ಅಷ್ಟೇ. ಅದಕ್ಕಿಂತ ಮೇಲಿನದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಕೊರತೆ ಗೊತ್ತಾದರೆ ಈ ಪ್ರಮಾಣ ಸಾಲದು. ಇಂಜೆಕ್ಷನ್ ಅಥವಾ ದೊಡ್ಡ ಡೋಸನ್ನು ವೈದ್ಯರು ಬರೆದುಕೊಡುತ್ತಾರೆ. ಆಗ ಮಗುವಿನ ರಕ್ತವನ್ನೂ ನೋಡಿಸಲೇಬೇಕು. ತಾಯಿಗೆ ಕೊಟ್ಟದ್ದು ಹಾಲಿನ ಮೂಲಕ ಹೋಗುತ್ತದೆ ಎಂದು ಕೊರತೆಯಿರುವ ಮಗುವನ್ನು ಬಿಡುವಂತಿಲ್ಲ, ಅದಕ್ಕೆ ನೇರವಾಗಿ ಕೊಡಬೇಕು. ಸ್ಪಿರುಲಿನಾ, ಕಡಲ ಪಾಚಿ, ಹುದುಗು ಬರಿಸಿದ ತಿನಿಸುಗಳಲ್ಲಿ ಬಿ12 ಇದೆ ಎಂಬುದನ್ನು ನಂಬಿ ಕೂರಬೇಡಿ. ಅವುಗಳಲ್ಲಿ ಇರುವುದರಲ್ಲಿ ಬಹುಪಾಲು ಮನುಷ್ಯರ ದೇಹಕ್ಕೆ ಒದಗದ ರೂಪ.

ಅಯೋಡಿನ್ ಎರಡನೆಯದು. ಹಾಲುಣಿಸುವವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ಹಾಲಿನಿಂದ ಬರುತ್ತಿತ್ತು. ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿ, ಕಲ್ಲುಪ್ಪು, ಗುಲಾಬಿ ಉಪ್ಪು ಬೇಡ. ಜೊತೆಗೆ 150 ಮೈಕ್ರೋಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಇರುವ ಪ್ರಸವೋತ್ತರ ಮಲ್ಟಿವಿಟಮಿನ್ ಆದರೆ ಒಳ್ಳೆಯದು. ಥೈರಾಯ್ಡ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಪಾಚಿಯ ಮಾತ್ರೆಗಳಲ್ಲಿ ಅಯೋಡಿನ್ ಎಷ್ಟಿದೆ ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ, ಅವು ಬೇಡ. ವಿಟಮಿನ್ ಡಿ ನಿಮಗೆ ದಿನಕ್ಕೆ 600 ಐಯು, ಮಗುವಿಗೆ ನಿಮ್ಮ ಪಥ್ಯ ಏನೇ ಇರಲಿ 400 ಐಯು ಹನಿ. ಕೋಲೀನ್ ಸೋಯಾ, ರಾಜ್ಮಾ, ಶೇಂಗಾ, ಹೂಕೋಸಿನಲ್ಲಿ ಸಿಗುತ್ತದೆ.

ಕ್ಯಾಲ್ಸಿಯಂ ದಿನಕ್ಕೆ ಕನಿಷ್ಠ 1000 ಮಿ.ಗ್ರಾಂ ಇಟ್ಟುಕೊಳ್ಳಿ. ಹಾಲುಣಿಸುವ ಕಾಲದಲ್ಲಿ ಎಲ್ಲ ತಾಯಂದಿರ ಮೂಳೆಯೂ ಸ್ವಲ್ಪ ಸವೆದು ಹಾಲು ಬಿಡಿಸಿದ ಮೇಲೆ ತುಂಬಿಕೊಳ್ಳುತ್ತದೆ. ಹಾಗೆಂದು ಅದನ್ನು ಇನ್ನಷ್ಟು ಬರಿದು ಮಾಡುವುದು ಸರಿಯಲ್ಲ. ಸಿಪ್ಪೆಸಹಿತ ಎಳ್ಳು ಎರಡು ದೊಡ್ಡ ಚಮಚಕ್ಕೆ ಸುಮಾರು 175 ಮಿ.ಗ್ರಾಂ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯ ಜೊತೆಗೇ ಹೋಗಿರುತ್ತದೆ. ಹಾಗೇ ನುಂಗಿದ ಎಳ್ಳು ಹಾಗೇ ಹೊರಗೆ ಹೋಗುತ್ತದೆ, ಹುರಿದು ಪುಡಿ ಮಾಡಿ. ಬಾದಾಮಿ 30 ಗ್ರಾಂಗೆ ಸುಮಾರು 80. ಪಾಲಕ್‌ನಲ್ಲಿ ಅಂಕಿ ದೊಡ್ಡದು, ಆದರೆ ಆಕ್ಸಲೇಟ್ ಕಟ್ಟಿಹಾಕುವುದರಿಂದ ನೂರಕ್ಕೆ ಐದರಷ್ಟೇ ಹೀರಿಕೊಳ್ಳುತ್ತದೆ. ಅದೇ ಬ್ರೊಕೊಲಿ, ಕೇಲ್ ಮುಂತಾದ ಕೋಸಿನ ಜಾತಿಯವುಗಳಿಂದ ಅರ್ಧದಷ್ಟು ಸಿಗುತ್ತದೆ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಅಥವಾ ಬಟಾಣಿ ಪಾನೀಯದಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ಇರುತ್ತದೆ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಬಿಳಿ ಗಸಿಯಾಗಿ ಕೂರುತ್ತದೆ. ಪ್ರತಿ ಸಲ ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಬಗ್ಗಿಸಿಕೊಳ್ಳದಿದ್ದರೆ ನೀವು ಕುಡಿಯುವುದು ಬರೀ ಮೇಲಿನ ನೀರು. ಮನೆಯಲ್ಲಿ ಬಾದಾಮಿ ರುಬ್ಬಿ ಸೋಸಿದ ಹಾಲು ರುಚಿಗೆ ಸರಿ, ಕ್ಯಾಲ್ಸಿಯಂಗೂ ಪ್ರೋಟೀನಿಗೂ ಲೆಕ್ಕಕ್ಕಿಲ್ಲ.

ಊಟದಿಂದ ಇಷ್ಟು ಕೂಡದಿದ್ದರೆ 500 ಮಿ.ಗ್ರಾಂ ಮಾತ್ರೆ ಒಂದು. ಲೇಬಲ್ಲಿನಲ್ಲಿ 1250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿ.ಗ್ರಾಂ. ಅದನ್ನು ಊಟದ ಜೊತೆ ನುಂಗಿ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಕಾಫಿ, ಟೀಯನ್ನೂ ಕಬ್ಬಿಣದಿಂದ ದೂರವಿಡಿ.

ಪ್ರೋಟೀನ್ ಮತ್ತು ಹೊಟ್ಟೆ ತುಂಬುವ ಲೆಕ್ಕ

ಹಾಲುಣಿಸುವವರಿಗೆ ದಿನಕ್ಕೆ 70 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಅರ್ಧ ಲೀಟರ್ ಹಾಲು ಬಿಟ್ಟಾಗ 16–17 ಗ್ರಾಂ ಹೋಯಿತು, ಕೆನೆಭರಿತ ಹಾಲಾಗಿದ್ದರೆ 300 ಕ್ಯಾಲರಿಯೂ ಹೋಯಿತು. ಒಂದು ದಿನಕ್ಕೆ ಹೀಗೆ ಕೂಡಿಸಿ ನೋಡಿ. ಒಣಗಿದ ಬೇಳೆ 60 ಗ್ರಾಂಗೆ 14 ಗ್ರಾಂ ಪ್ರೋಟೀನ್. ನೆನೆಸಿ ಬೇಯಿಸುವ ಕಡಲೆ ಅಥವಾ ರಾಜ್ಮಾ 50 ಗ್ರಾಂಗೆ 10. ಶೇಂಗಾ 40 ಗ್ರಾಂಗೆ 10. ಎಳ್ಳು, ಕುಂಬಳಬೀಜ ಸೇರಿ 25 ಗ್ರಾಂಗೆ 5. ಅಕ್ಕಿ, ಗೋಧಿ ಮುಂತಾದ ಧಾನ್ಯ ಒಟ್ಟು 250 ಗ್ರಾಂಗೆ 20ರಿಂದ 25. ಸೋಯಾ ಪಾನೀಯ 400 ಮಿ.ಲೀ.ಗೆ 12. ಎಪ್ಪತ್ತು ದಾಟಿತು. ಓಟ್ಸ್ ಪಾನೀಯದಲ್ಲಿ 100 ಮಿ.ಲೀ.ಗೆ ಒಂದು ಗ್ರಾಂ, ಬಾದಾಮಿ ಪಾನೀಯದಲ್ಲಿ ಅದರ ಅರ್ಧ. ಸೋಯಾ ಬದಲಿಗೆ ಅವನ್ನು ಕುಡಿದು ಪ್ರೋಟೀನ್ ಸಿಕ್ಕಿತು ಎಂದುಕೊಳ್ಳಬೇಡಿ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಸಾಧ್ಯವಾದರೆ ಮೊಳಕೆ ಬರಿಸಿ ಬೇಯಿಸಿದರೆ ಖನಿಜಗಳನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗಿ ಸತು, ಕಬ್ಬಿಣ ಹೆಚ್ಚು ದಕ್ಕುತ್ತದೆ. ಊಟದಲ್ಲಿ ನಿಂಬೆರಸ ಹಿಂಡಿಕೊಳ್ಳಿ.

ಹತ್ತು ದಿನದಲ್ಲಿ ಎರಡು ಕಿಲೋ ಇಳಿದದ್ದು ವೇಗ ಹೆಚ್ಚಾಯಿತು. ವಾರಕ್ಕೆ ಅರ್ಧ ಕಿಲೋವರೆಗೆ ಚಿಂತೆಯಿಲ್ಲ. ಸ್ವಲ್ಪ ಕಡಿಮೆ ತಿಂದ ಮಾತ್ರಕ್ಕೆ ಎದೆಹಾಲು ಬತ್ತುವುದಿಲ್ಲ, ಆದರೆ ದಿನಕ್ಕೆ 1500 ಕ್ಯಾಲರಿಗಿಂತ ಕೆಳಗೆ ವಾರಗಟ್ಟಲೆ ಇದ್ದರೆ ಹಾಲು ತಗ್ಗಬಹುದು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲರಿ. ಬೆಣ್ಣೆ, ತುಪ್ಪ ಬಿಟ್ಟ ಜಾಗಕ್ಕೆ ಎಣ್ಣೆ, ತೆಂಗು, ಶೇಂಗಾ ಬರಲೇಬೇಕು. ಹಾಲೂಡಿಸಲು ಕೂರುವ ಜಾಗದಲ್ಲಿ ಒಂದು ಡಬ್ಬಿಯಲ್ಲಿ ಹುರಿದ ಶೇಂಗಾ, ಖರ್ಜೂರ ಇಟ್ಟುಕೊಳ್ಳಿ. ಒಂದು ಕೈ ಖಾಲಿ ಇರುತ್ತದೆ.

ಲೆಕ್ಕವಿಡುವುದು, ಮತ್ತೆ ತಿಂದು ನೋಡುವುದು

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮಲ ಎಷ್ಟು ಸಲ, ಲೋಳೆ ಇತ್ತೇ, ರಕ್ತ ಇತ್ತೇ, ನೀವು ತಿಂದ ಹೊಸ ವಸ್ತು ಯಾವುದು ಇಷ್ಟು ಬರೆದರೆ ಸಾಕು. ರಕ್ತ ಕಂಡರೆ ಡೈಪರಿನ ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ರಾತ್ರಿ ಹಳದಿ ದೀಪದಲ್ಲಿ ಕಂದು ಲೋಳೆಯೂ ಕೆಂಪಾಗಿ ಕಾಣುತ್ತದೆ. ನಿಮ್ಮ ಮೊಲೆತೊಟ್ಟು ಬಿರುಕು ಬಿಟ್ಟಿದೆಯೇ ಎಂದೂ ನೋಡಿಕೊಳ್ಳಿ. ಮಗು ನುಂಗಿದ ನಿಮ್ಮ ರಕ್ತವೂ ಮಲದಲ್ಲಿ ಬರುತ್ತದೆ.

ಬೇಳೆ, ಗೋಧಿ, ಶೇಂಗಾ, ಸೋಯಾ ಮರಳಿ ಬಂದ ಮೇಲೂ ರಕ್ತ ಕಾಣದಿದ್ದರೆ ಉಳಿದದ್ದು ಹಾಲೊಂದೇ. ಸೋಯಾ ತಿಂದ ಮೇಲೆ ರಕ್ತ ಬಂದರೆ ಅದನ್ನು ನಿಲ್ಲಿಸಿ ಬಟಾಣಿ ಪಾನೀಯಕ್ಕೆ ಬದಲಿಸಿ. ಸೋಯಾ ಲೆಸಿಥಿನ್, ಶುದ್ಧೀಕರಿಸಿದ ಸೋಯಾ ಎಣ್ಣೆಗೆ ಸಾಮಾನ್ಯವಾಗಿ ತೊಂದರೆಯಾಗದು. ಹಾಲು ಬಿಟ್ಟು ನಾಲ್ಕು ವಾರ ತುಂಬಿದಾಗ ವೈದ್ಯರಿಗೆ ತಿಳಿಸಿ ಹಾಲನ್ನು ಮತ್ತೆ ಶುರು ಮಾಡಿ. ಲಸಿಕೆ ಹಾಕಿಸಿದ ದಿನ, ಮಗುವಿಗೆ ಶೀತ, ಭೇದಿ ಇದ್ದಾಗ, ಇಬ್ಬರಲ್ಲಿ ಯಾರಾದರೂ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವಾಗ ಬೇಡ. ಮೊದಲ ದಿನ 50 ಮಿ.ಲೀ. ಹಾಲು, ಎರಡನೆಯ ದಿನ 100, ಮೂರನೆಯ ದಿನ 250, ಆಮೇಲೆ ವಾರ ತುಂಬುವವರೆಗೆ ಮೊದಲು ಕುಡಿಯುತ್ತಿದ್ದಷ್ಟು. ವಾರ ಪೂರ್ತಿ ನೋಡುವುದು ಯಾಕೆಂದರೆ ಈ ಬಗೆಯ ಅಲರ್ಜಿ ನಿಧಾನವಾಗಿ ತಲೆಯೆತ್ತುತ್ತದೆ. ರಕ್ತ ಮರಳಿದರೆ ಅಲ್ಲಿಗೇ ನಿಲ್ಲಿಸಿ. ಬಿಟ್ಟ ಮೇಲೆ ಮತ್ತೆ ಹೋದರೆ ಹಾಲೇ ಕಾರಣ ಎಂದು ಖಚಿತವಾಯಿತು. ಏನೂ ಆಗದಿದ್ದರೆ ಅಲರ್ಜಿ ಇಲ್ಲ, ಅಂದಿನಿಂದ ನಿಮ್ಮ ಮಾಮೂಲಿ ಊಟ. ಬಿ12 ಮಾತ್ರೆಯನ್ನು ಮಾತ್ರ ಹಾಲುಣಿಸುವವರೆಗೂ ಮುಂದುವರಿಸಿ.

ಖಚಿತವಾದರೆ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾಗುವವರೆಗೆ, ಕಡಿಮೆಯೆಂದರೆ ಆರು ತಿಂಗಳ ಕಾಲ, ನೀವು ಹಾಲು ಬಿಟ್ಟಿರಬೇಕಾಗುತ್ತದೆ. ಆಮೇಲೆ ವೈದ್ಯರ ಸಲಹೆಯಂತೆ ಚೆನ್ನಾಗಿ ಬೇಯಿಸಿದ ಹಾಲಿನ ತಿನಿಸಿನಿಂದ ಹಂತಹಂತವಾಗಿ ಪ್ರಯತ್ನ. ಈ ಪ್ರಾಕ್ಟೋಕೊಲೈಟಿಸ್ ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವ ಹೊತ್ತಿಗೆ ಹೋಗಿರುತ್ತದೆ. ಆರು ತಿಂಗಳಿಗೆ ಮೇಲಾಹಾರ ಶುರು ಮಾಡುವಾಗ ಗೋಧಿ, ಬೇಳೆ, ನುಣ್ಣಗೆ ಅರೆದ ಶೇಂಗಾವನ್ನು ಭಯದಿಂದ ಮುಂದೂಡಬೇಡಿ. ತಡಮಾಡಿದರೆ ಅಲರ್ಜಿ ತಪ್ಪುವುದಿಲ್ಲ, ಶೇಂಗಾದ ವಿಷಯದಲ್ಲಿ ಹೆಚ್ಚುವ ಸಂಭವವೇ ಇದೆ.

ಮನೆಯಲ್ಲಿ ಮತ್ತೆ ತಿಂದು ನೋಡುವ ಈ ಕ್ರಮ ನಿಮ್ಮ ಮಗುವಿನಂಥ ಸೌಮ್ಯ ಲಕ್ಷಣಕ್ಕೆ ಮಾತ್ರ. ಹಾಲುಂಡ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು ಏಳುವುದು, ಮುಖ, ತುಟಿ ಊದುವುದು ಕಂಡಿದ್ದ ಮಕ್ಕಳಿಗೆ, ಒಂದೆರಡು ಗಂಟೆ ಬಿಟ್ಟು ಮೇಲಿಂದ ಮೇಲೆ ವಾಂತಿಯಾಗಿ ಬಿಳಿಚಿ ಮಂಕಾಗಿದ್ದ ಮಕ್ಕಳಿಗೆ, ತೀವ್ರ ಇಸುಬು ಇರುವ ಮಕ್ಕಳಿಗೆ ಇದನ್ನು ತಜ್ಞರ ಕಣ್ಣೆದುರೇ ಮಾಡಬೇಕು. ಇನ್ನು ನಿಮ್ಮ ಮಗುವಿಗೆ ರಕ್ತ ಎಳೆಯಾಗಿರದೆ ಹೆಪ್ಪಾಗಿ, ಹೆಚ್ಚಾಗಿ ಬಂದರೆ, ಹಸಿರು ಪಿತ್ತದ ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಜ್ವರ ಬಂದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.